ಕರೆಂಟ್ ಗಾಡಿಗೆ ಏನೇನು ಬೇಕು?



ಹೊಸ ಎಲೆಕ್ಟ್ರಿಕ್ ಸ್ಕೂಟರಿನ ಬೆಲೆ ವಿಚಾರಿಸಲು ಶೋರೂಮಿಗೆ ಹೋದವರ ಕೈಗೆ ಒಂದು ಕೊಟೇಶನ್ ಹಾಳೆ ಕೊಡುತ್ತಾರೆ. ಎಕ್ಸ್ ಶೋರೂಮ್ ಬೆಲೆ, ವಿಮೆ, ನೋಂದಣಿ ಎಲ್ಲ ಮುಗಿದ ಮೇಲೆ ಕೆಳಗಡೆ ‘ಆಕ್ಸೆಸರೀಸ್’ ಅಂತ ಒಂದು ಸಾಲು. ಅದರ ಮುಂದೆ ಐದು ಸಾವಿರವೋ ಹತ್ತು ಸಾವಿರವೋ ಬರೆದಿರುತ್ತದೆ. ಅದರೊಳಗೆ ಏನೇನಿದೆ ಅಂತ ಬಿಡಿಸಿ ಕೇಳುವವರು ಕಡಿಮೆ. ಲಕ್ಷದ ಮೇಲೆ ಕೊಡುವಾಗ ಇದೊಂದಕ್ಕೆ ಯಾಕೆ ಚೌಕಾಸಿ ಅಂತ ಸುಮ್ಮನಾಗಿಬಿಡುತ್ತೇವೆ. ಇವತ್ತು ಆ ಒಂದು ಸಾಲಿನ ಮೇಲೆ ಕೂತು ಸ್ವಲ್ಪ ಚೌಕಾಸಿ ಮಾಡೋಣ.

ಆ ಸಾಲಿಗೊಂದು ಕಥೆಯಿದೆ. ಕೇಂದ್ರ ಸರ್ಕಾರ 2019ರ ಏಪ್ರಿಲ್‌ನಲ್ಲಿ ಫೇಮ್ ಯೋಜನೆಯ ಎರಡನೇ ಹಂತ ಶುರುಮಾಡಿ ವಿದ್ಯುತ್ ವಾಹನಗಳಿಗೆ ಸಬ್ಸಿಡಿ ಕೊಡತೊಡಗಿತು. ಕಾರ್ಖಾನೆ ಬೆಲೆ ಒಂದೂವರೆ ಲಕ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಸಬ್ಸಿಡಿ ಇಲ್ಲ ಅಂತ ಅದರಲ್ಲೊಂದು ಷರತ್ತು. ಬೆಲೆಯನ್ನು ಆ ಗೆರೆಯೊಳಗೆ ಇಟ್ಟುಕೊಳ್ಳಲು ಕೆಲವು ದೊಡ್ಡ ಕಂಪನಿಗಳು ಚಾರ್ಜರನ್ನೇ ಗಾಡಿಯ ಲೆಕ್ಕದಿಂದ ಹೊರಗಿಟ್ಟು, ಅದಕ್ಕೆ ಬೇರೆ ಬಿಲ್ ಹಾಕಿದವು. ಬಾವಿ ಮಾರಿದವನು ಹಗ್ಗ ಬಿಂದಿಗೆಗೆ ಬೇರೆ ದುಡ್ಡು ಕೇಳಿದ ಹಾಗೆ. 2023ರಲ್ಲಿ ಸರ್ಕಾರ ತಕರಾರು ತೆಗೆದ ಮೇಲೆ ಆ ಕಂಪನಿಗಳು ಚಾರ್ಜರ್ ದುಡ್ಡನ್ನು ಗ್ರಾಹಕರಿಗೆ ವಾಪಸ್ ಕೊಡಲು ಒಪ್ಪಿಕೊಂಡವು. ಆದರೆ ಯಾವುದು ಗಾಡಿಯ ಭಾಗ, ಯಾವುದು ಮೇಲಿನ ಅಲಂಕಾರ ಅನ್ನುವ ಜಗ್ಗಾಟ ಅಲ್ಲಿಗೆ ಮುಗಿಯಲಿಲ್ಲ. ಅದು ಇವತ್ತಿಗೂ ಶೋರೂಮಿನ ಮೇಜಿನ ಮೇಲೆ ದಿನಾ ನಡೆಯುತ್ತಿದೆ.

ಮಾರುವವರು ಮೊದಲು ತೋರಿಸುವುದು ಸ್ಕ್ರೀನ್. ಏಳು ಇಂಚಿನ ಪರದೆ, ಅದರಲ್ಲಿ ನಕ್ಷೆ, ಹಾಡು, ಹುಟ್ಟುಹಬ್ಬದ ಶುಭಾಶಯ. ಗಾಡಿ ಮನೆಗೆ ಬಂದು ತಿಂಗಳಾದ ಮೇಲೆ ಅದೇ ಮನೆಯವರನ್ನು ಕೇಳಿ ನೋಡಿ. ಅವರು ಹೇಳುವ ಪಟ್ಟಿಯೇ ಬೇರೆ. ಅದರಲ್ಲಿ ಪ್ಲಗ್ಗು ಬರುತ್ತದೆ, ಮೇನ್ ಸ್ಟ್ಯಾಂಡ್ ಬರುತ್ತದೆ, ಅಕ್ಕಿ ಮೂಟೆ ಇಡುವ ಜಾಗ ಬರುತ್ತದೆ, ಹಿಂದೆ ಕೂರುವವರ ಕಾಲು ಬರುತ್ತದೆ. ಸ್ಕ್ರೀನ್ ಬಂದರೆ ಎಲ್ಲೋ ಕೊನೆಯಲ್ಲಿ. ನಮ್ಮ ಕಡೆ ಸ್ಕೂಟರ್ ಅನ್ನುವುದು ಒಬ್ಬ ಸವಾರನ ಶೋಕಿಯಲ್ಲ. ಅದು ಇಡೀ ಸಂಸಾರದ ಗಾಡಿ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುತ್ತದೆ, ಹತ್ತು ಗಂಟೆಗೆ ಆಫೀಸಿಗೆ ಹೋಗುತ್ತದೆ, ಸಂಜೆ ತರಕಾರಿ ತರುತ್ತದೆ, ಭಾನುವಾರ ಅತ್ತೆ ಮನೆಗೆ ಹೊರಡುತ್ತದೆ. ಹಾಗಾಗಿ ಏನೇನು ಬೇಕು ಅನ್ನುವ ಪಟ್ಟಿಯನ್ನು ಶೋರೂಮಿನಲ್ಲಿ ಕೂತು ಬರೆಯಬಾರದು, ಮನೆಯ ಮೀಟರ್ ಬೋರ್ಡಿನ ಮುಂದೆ ನಿಂತು ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಅಲ್ಲಿಂದಲೇ ಶುರುಮಾಡೋಣ. ಬ್ಯಾಟರಿಯ ಅಳತೆಯನ್ನು ಕಿಲೋವ್ಯಾಟ್ ಅವರ್ ಅಂತ ಹೇಳುತ್ತಾರೆ. ಹೆದರಬೇಕಾದದ್ದೇನಿಲ್ಲ, ಒಂದು ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಮೂರು ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು, ಚಾರ್ಜರಿನಲ್ಲಿ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿದರೆ, ಹೆಚ್ಚುಕಡಿಮೆ ಮೂರೂವರೆ ಯೂನಿಟ್ ಬೇಕು. ಯೂನಿಟ್ಟಿಗೆ ಆರು ರೂಪಾಯಿ ಅಂತ ಹಿಡಿದರೆ ಇಪ್ಪತ್ತೊಂದು ರೂಪಾಯಿ. ಅದರಲ್ಲಿ ಊರೊಳಗೆ ತೊಂಬತ್ತು ಕಿಲೋಮೀಟರ್ ಆಸುಪಾಸು ಓಡಾಡಬಹುದು. ಲೀಟರಿಗೆ ನೂರು ದಾಟಿದ ಪೆಟ್ರೋಲ್ ಹಾಕಿ ಅಷ್ಟೇ ದೂರ ಹೋಗಲು ಇನ್ನೂರರ ನೋಟು ಸಾಲುವುದಿಲ್ಲ. ಎಲ್ಲರೂ ಈ ಗಾಡಿಯ ಕಡೆ ತಿರುಗಿರುವುದು ಈ ಲೆಕ್ಕಕ್ಕೇ.

ಇಲ್ಲೊಂದು ಸಣ್ಣ ಕೊಕ್ಕೆ ಇದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರಿಗೂ ಗೊತ್ತು. ಆದರೆ ಒಂದೊಂದು ಮನೆಗೆ ಉಚಿತವಾಗಿ ಸಿಗುವುದು ಅದರ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಗೊತ್ತುಮಾಡಿದಷ್ಟು ಮಾತ್ರ. ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿಸುವವರ ಸ್ಕೂಟರ್ ತಿಂಗಳಿಗೆ ಮೂವತ್ತೈದು ಯೂನಿಟ್ ಕುಡಿಯುತ್ತದೆ. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಇದ್ದಕ್ಕಿದ್ದಂತೆ ಇನ್ನೂರು ಚಿಲ್ಲರೆ ರೂಪಾಯಿ ಬಿಲ್ ಬರುವುದು ಹೀಗೆ. ಮೀಟರ್ ಓದುವ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಪೆಟ್ರೋಲಿನ ಮುಂದೆ ಅದು ಏನೂ ಅಲ್ಲ.

ಸರಿ, ಪ್ಲಗ್ ಎಲ್ಲಿದೆ? ಸ್ವಂತ ಮನೆ, ನೆಲಮಟ್ಟದಲ್ಲೇ ಪಾರ್ಕಿಂಗ್ ಇದ್ದವರಿಗೆ ಈ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಬಾಡಿಗೆ ಮನೆಗಳ ಪಾಡು ಬೇರೆ. ಮನೆ ಎರಡನೇ ಮಹಡಿಯಲ್ಲಿ, ಗಾಡಿ ಗೇಟಿನ ಪಕ್ಕದಲ್ಲಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು, ಮಳೆ ಬಂದರೆ ಅದರ ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ ಚಾರ್ಜ್ ಮಾಡುವವರನ್ನು ನಮ್ಮ ಬೀದಿಯಲ್ಲೇ ನೋಡಬಹುದು. ಸಾಮಾನ್ಯ ಮನೆ ಚಾರ್ಜರ್ ಏಳುನೂರು ವ್ಯಾಟ್ ಆಸುಪಾಸಿನದು, ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ ಎಳೆಯುತ್ತದೆ. ತೊಂದರೆ ಇರುವುದು ಎಳೆತದಲ್ಲಲ್ಲ, ಹೊತ್ತಿನಲ್ಲಿ. ಇಸ್ತ್ರಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದು ಐದಾರು ಗಂಟೆ ಒಂದೇ ಸಮನೆ ಎಳೆಯುತ್ತಿರುತ್ತದೆ. ಸಡಿಲವಾದ ಹಳೆಯ ಸಾಕೆಟ್ಟು, ಸಣ್ಣ ವೈರಿನ ಎಕ್ಸ್‌ಟೆನ್ಷನ್ ಬಾಕ್ಸು ಅಷ್ಟು ಹೊತ್ತಿನಲ್ಲಿ ಬಿಸಿಯಾಗಿ ಕರಗುತ್ತವೆ.

ಆದ್ದರಿಂದ ಹೊಸ ಗಾಡಿಗೆ ಕೊಳ್ಳಬೇಕಾದ ಮೊದಲ ಆಕ್ಸೆಸರಿ ಶೋರೂಮಿನಲ್ಲಿ ಸಿಗುವುದೇ ಇಲ್ಲ. ಅದು ಎಲೆಕ್ಟ್ರಿಷಿಯನ್ ಬಂದು ಪಾರ್ಕಿಂಗ್ ಜಾಗದಲ್ಲಿ ಹಾಕಿಕೊಡುವ ಹದಿನೈದು ಆಂಪ್ ಪಾಯಿಂಟು. ಮೀಟರಿನಿಂದ ನೇರ ಎಳೆದ ದಪ್ಪ ವೈರು, ಅದಕ್ಕೊಂದು ಎಂಸಿಬಿ, ಸರಿಯಾದ ಅರ್ಥಿಂಗ್. ಅರ್ಥಿಂಗ್ ಅಂದಾಗ ನೆನಪಾಯಿತು, ಎಷ್ಟೋ ಹಳೆಯ ಮನೆಗಳಲ್ಲಿ ಮೂರನೇ ತೂತು ಸುಮ್ಮನೆ ಅಲಂಕಾರಕ್ಕಿರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಕೆಲವು ಚಾರ್ಜರುಗಳು ಅರ್ಥಿಂಗ್ ಇಲ್ಲದಿದ್ದರೆ ಕೆಂಪು ದೀಪ ಮಿನುಗಿಸಿ ಮುಷ್ಕರ ಹೂಡುತ್ತವೆ. ಗಾಡಿ ಕೆಟ್ಟಿದೆ ಅಂತ ಸರ್ವೀಸಿನವರಿಗೆ ಫೋನ್ ಮಾಡುವ ಮೊದಲು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆದು ಒಂದು ಟೆಸ್ಟರ್ ಬಲ್ಬು ಹಿಡಿಸಿ ನೋಡಿ. ಬಾಡಿಗೆದಾರರಾದರೆ ಇದೆಲ್ಲಕ್ಕೂ ಮೊದಲು ಓನರ್ ಒಪ್ಪಿಗೆ ಬೇಕು. ಮುಂಗಡ ಕೊಟ್ಟ ಮೇಲೆ ಕೇಳಿದರೆ ಅವರದ್ದು ಒಂದು ರೇಟು, ಗಾಡಿ ಬುಕ್ ಮಾಡುವ ಮೊದಲೇ ಕೇಳಿದರೆ ಇನ್ನೊಂದು.

ಪಾಯಿಂಟ್ ಹಾಕಿಸಲು ದಾರಿಯೇ ಇಲ್ಲದವರಿಗೆ ಬ್ಯಾಟರಿ ಬಿಚ್ಚಿ ಒಳಗೆ ತರುವ ಗಾಡಿಗಳಿವೆ. ಹೀರೊ ಕಂಪನಿಯ ವಿಡಾ 2022ರಲ್ಲಿ ಅಂಥ ಬ್ಯಾಟರಿಯೊಂದಿಗೇ ಬಂತು. ಒಳ್ಳೆಯ ಅನುಕೂಲವೇ. ಆದರೆ ಹತ್ತು ಹನ್ನೆರಡು ಕಿಲೋ ತೂಕದ ಪೆಟ್ಟಿಗೆಯನ್ನು ದಿನಾ ರಾತ್ರಿ ಮಹಡಿ ಹತ್ತಿಸಬೇಕು, ಬೆಳಿಗ್ಗೆ ಇಳಿಸಬೇಕು. ಅಂಥ ಎರಡು ಪೆಟ್ಟಿಗೆ ಇದ್ದರೆ ಎರಡು ಸಲ. ಸೊಂಟ ಹಿಡಿದುಕೊಂಡವರಿಗೆ ಇದು ಒಗ್ಗುವ ಮಾತಲ್ಲ. ಹೋಂಡಾ 2024ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೋರಿಸಿದ ಆಕ್ಟಿವಾ ಇ ಇನ್ನೊಂದು ದಾರಿ ಹಿಡಿಯಿತು. ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವುದೇ ಬೇಡ, ಕಂಪನಿಯ ಕೇಂದ್ರಕ್ಕೆ ಹೋಗಿ ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ತನ್ನಿ ಅನ್ನುವುದು ಅದರ ಲೆಕ್ಕ. ಮನೆಯ ಹತ್ತಿರ ಅಂಥ ಕೇಂದ್ರ ಇದ್ದವರಿಗೆ ವರ, ಇಲ್ಲದವರಿಗೆ ಶಿಕ್ಷೆ.

ಬೀದಿಯಲ್ಲಿ ಸಿಗುವ ಫಾಸ್ಟ್ ಚಾರ್ಜರುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಫೋನುಗಳಿಗೆ ಒಂದು ಕಾಲದಲ್ಲಿ ಒಂದೊಂದು ಕಂಪನಿಗೆ ಒಂದೊಂದು ಪಿನ್ ಇತ್ತಲ್ಲ, ಸ್ಕೂಟರುಗಳದ್ದೂ ಅದೇ ಅವಸ್ಥೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಪಿನ್ನಿನ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಒಂದು ಮಾನಕ ಹೊರಡಿಸಿತು. ಹಾಗಂತ ಎಲ್ಲರೂ ಅದೇ ಪಿನ್ನಿಗೆ ಬಂದಿದ್ದಾರೆ ಅಂತಲ್ಲ. ನೀವು ದಿನಾ ಓಡಾಡುವ ದಾರಿಯಲ್ಲಿ ಯಾರ ಚಾರ್ಜರ್ ಇದೆ, ನೀವು ಕೊಳ್ಳುವ ಗಾಡಿಗೆ ಅದು ಕೂರುತ್ತದೆಯೇ ಅಂತ ಒಂದು ಸಲ ನಿಂತು ನೋಡಿಕೊಳ್ಳಿ. ಜೊತೆಗೆ ಕೊಡುವ ಪೋರ್ಟಬಲ್ ಚಾರ್ಜರನ್ನೂ ಡಿಕ್ಕಿಯಲ್ಲಿಟ್ಟು ನೋಡಿ. ಸೀಟಿನ ಕೆಳಗೆ ಇಷ್ಟು ಲೀಟರ್ ಜಾಗ ಅಂತ ಜಾಹೀರಾತಿನಲ್ಲಿ ಹೇಳುತ್ತಾರೆ, ಆ ಚಾರ್ಜರ್ ಇಟ್ಟ ಮೇಲೆ ಎಷ್ಟು ಉಳಿಯುತ್ತದೆ ಅಂತ ಹೇಳುವುದಿಲ್ಲ.

ಇನ್ನು ಹಿಂದೆ ಕೂರುವವರು. ನಮ್ಮ ಅಣ್ಣ ಗಾಡಿ ನೋಡಲು ಹೋದಾಗ ಅತ್ತಿಗೆಯೂ ಜೊತೆಗೆ ಹೋಗಿದ್ದರು, ನಾನೂ ಇದ್ದೆ. ಸೇಲ್ಸ್ ಹುಡುಗ ಅಣ್ಣನಿಗೆ ಸ್ಕ್ರೀನ್ ತೋರಿಸುತ್ತಾ ಇಕೋ ಮೋಡು, ಸ್ಪೋರ್ಟ್ಸ್ ಮೋಡು ಅಂತ ಬಟನ್ ಒತ್ತುತ್ತಿದ್ದ. ಅತ್ತಿಗೆ ಸೀದಾ ಹಿಂದೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಒಂದೇ ಕಡೆ ಕಾಲು ಹಾಕಿ ಕೂತರು. ಕೂತು ಕಾಲನ್ನು ಗಾಳಿಯಲ್ಲಿ ಹುಡುಕಾಡಿಸಿದರು.

“ಏನಪ್ಪಾ, ಕಾಲು ಎಲ್ಲಿಡೋದು?”

“ಮೇಡಂ, ಎರಡೂ ಕಡೆ ಹಾಕಿ ಕೂತ್ಕೊಳ್ಳಿ, ಈ ಗಾಡಿ ಡಿಸೈನ್ ಹಾಗೇ ಇರೋದು.”

“ನಾನು ಸೀರೆ ಉಟ್ಟು ಬಂದಿರೋದು ನಿಂಗೆ ಕಾಣಲ್ವಾ?”

ಹುಡುಗ ನಕ್ಕು, ಸಾರಿ ಗಾರ್ಡ್, ಪಕ್ಕದ ಫುಟ್‌ರೆಸ್ಟ್, ಹಿಡಿದುಕೊಳ್ಳುವ ಗ್ರ್ಯಾಬ್ ರೈಲ್ ಮೂರೂ ಆಕ್ಸೆಸರಿ ಪ್ಯಾಕಿನಲ್ಲಿ ಬರುತ್ತವೆ ಅಂದ. ಅತ್ತಿಗೆ ಬೆರಳಿಟ್ಟು ಹಿಂದಿನ ಚಕ್ರ ತೋರಿಸಿದರು. ಸೆರಗು ಹೋಗಿ ಸಿಕ್ಕಿಕೊಳ್ಳುವ ಜಾಗ ಪೂರಾ ಬಯಲಾಗಿತ್ತು. ಅಣ್ಣ ಅಷ್ಟರಲ್ಲಿ ಸ್ಪೋರ್ಟ್ಸ್ ಮೋಡಿನಿಂದ ಹೊರಗೆ ಬಂದಿದ್ದ.

ಇಲ್ಲಿ ಕಾನೂನಿನ ಒಂದು ಮಾತು ತಿಳಿದಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂಬದಿ ಸವಾರರಿಗಾಗಿಯೇ ಇದೆ. ದ್ವಿಚಕ್ರ ವಾಹನಕ್ಕೆ ಹಿಡಿದುಕೊಳ್ಳಲು ಗಟ್ಟಿ ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಬೇಕು ಅನ್ನುತ್ತದೆ ಅದು. ಅಂದರೆ ಇವು ಪ್ಯಾಕಿನಲ್ಲಿ ಬರುವ ಅಲಂಕಾರಗಳಲ್ಲ. ಹಾಗೆಯೇ 138ನೇ ನಿಯಮದ ಪ್ರಕಾರ ಗಾಡಿ ಮಾರುವಾಗ ಐಎಸ್ಐ ಗುರುತಿನ ಹೆಲ್ಮೆಟ್ ಕೊಡಬೇಕು. ಕೇಳಿದವರಿಗೆ ಕೊಡುತ್ತಾರೆ, ಕೇಳದವರಿಗೆ ಮರೆಯುತ್ತಾರೆ. ಅತ್ತಿಗೆ ಕೇಳಿದರು. ಜಗಳವೇನೂ ಆಗಲಿಲ್ಲ, ಮ್ಯಾನೇಜರು ಒಳಗೆ ಹೋಗಿ ಬಂದು ಹಾಳೆಯ ಮೇಲೆ ಆ ಸಾಲಿನ ಮೊತ್ತವನ್ನು ಹೊಡೆದು ಇನ್ನೊಂದು ಬರೆದರು.

ಮಗು ಇದ್ದ ಮನೆಯವರಿಗೆ ಇನ್ನೊಂದು. ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರದಲ್ಲಿ ಕರೆದೊಯ್ಯುವಾಗ ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ ನಲವತ್ತು ದಾಟಬಾರದು ಅಂತ 2023ರ ಫೆಬ್ರುವರಿಯಿಂದ ನಿಯಮ ಜಾರಿಯಲ್ಲಿದೆ. ಪೊಲೀಸರು ಹಿಡಿಯಲಿ ಬಿಡಲಿ, ಈ ಪಟ್ಟಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎಲೆಕ್ಟ್ರಿಕ್ ಗಾಡಿ ಆಕ್ಸಿಲರೇಟರ್ ಹಿಡಿ ತಿರುಗಿಸಿದ ತಕ್ಷಣ ಎಗರುತ್ತದೆ, ಪೆಟ್ರೋಲ್ ಗಾಡಿಯ ಹಾಗೆ ಗೊರ್ ಅಂತ ಮುನ್ಸೂಚನೆ ಕೊಡುವುದಿಲ್ಲ. ಹಿಂದೆ ನಿದ್ದೆಗಣ್ಣಿನಲ್ಲಿ ಕೂತ ಮಗುವಿಗೆ ಆ ಎಗರುವಿಕೆ ಅಪಾಯ. ಮುಂದೆ ನಿಲ್ಲಿಸಿಕೊಂಡು ಹೋಗುವವರಂತೂ ಗಾಡಿ ನಿಂತಾಗ ಪವರ್ ಆಫ್ ಮಾಡದಿದ್ದರೆ, ಮಗು ಆಡುತ್ತಾ ಆ ಹಿಡಿ ತಿರುಗಿಸಿಬಿಟ್ಟರೆ ಕೆಲಸ ಕೆಟ್ಟ ಹಾಗೆ. ಇಂಜಿನ್ ಸದ್ದಿಲ್ಲದ ಗಾಡಿ ಚಾಲೂ ಇದೆಯೋ ಇಲ್ಲವೋ ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ ಕಂಪನಿಗಳು ಈಚೆಗೆ ಪಾಠ ಕಲಿತಂತಿದೆ. ಶುರುವಿನಲ್ಲಿ ಬಂದ ಗಾಡಿಗಳೆಲ್ಲ ಓಟಕ್ಕೆ ಹೇಳಿ ಮಾಡಿಸಿದಂತಿದ್ದವು. 2018ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಏಥರ್ 450 ಚೂಪು ಮೂತಿಯ, ಕಾಲೇಜು ಹುಡುಗರು ತಿರುಗಿ ನೋಡುವ ಗಾಡಿ. ಅದೇ ಕಂಪನಿ 2024ರ ಏಪ್ರಿಲ್‌ನಲ್ಲಿ ರಿಜ್ಟಾ ತಂದಾಗ ಮಾತೆಲ್ಲ ಅಗಲ ಸೀಟು, ಡಿಕ್ಕಿ, ಸಂಸಾರ ಅಂತಲೇ ಇತ್ತು. ಸೀಟಿನ ಕೆಳಗೆ 34 ಲೀಟರ್ ಜಾಗ, ಮುಂದೆ ಬೇಕಾದರೆ 22 ಲೀಟರಿನ ಪೆಟ್ಟಿಗೆ. ಬೆಂಗಳೂರಿನದೇ ಆದ ರಿವರ್ ಕಂಪನಿಯ ಇಂಡಿ ಎಂಬ ಗಾಡಿಗೆ ಸೀಟಿನ ಕೆಳಗೆ 43 ಲೀಟರ್, ಪಕ್ಕದಲ್ಲಿ ಚೀಲ ಪೆಟ್ಟಿಗೆ ಬಿಗಿಯುವ ಕಂಬಿಗಳು. ನೋಡಲು ಸ್ವಲ್ಪ ಲಗೇಜ್ ಆಟೋದ ತಮ್ಮನಂತಿದೆ ಅಂತ ನಗುವವರಿದ್ದಾರೆ, ಅಂಗಡಿ ಇಟ್ಟವರು ನಗುವುದಿಲ್ಲ.

ಲೀಟರ್ ಲೆಕ್ಕಕ್ಕಿಂತ ನಾನು ನೋಡುವುದು ಕಾಲಿಡುವ ಹಲಗೆಯನ್ನು. ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ಡಿಕ್ಕಿಯೊಳಗೆ ಹೋಗುವುದಿಲ್ಲ, ಕಾಲ ನಡುವೆಯೇ ಬರಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಆ ಹಲಗೆಯ ಕೆಳಗೇ ಇರುತ್ತದೆ, ಅದರಿಂದ ಹಲಗೆ ಒಂದೆರಡು ಇಂಚು ಮೇಲೆದ್ದಿರುತ್ತದೆ. ನಿಂತು ನೋಡಿದರೆ ಗೊತ್ತಾಗದು, ಕೂತು ಹತ್ತು ನಿಮಿಷ ಓಡಿಸಿದರೆ ಮಂಡಿ ಹೇಳುತ್ತದೆ. ಎತ್ತರದವರು, ಮಂಡಿ ನೋವಿನವರು ಇದನ್ನು ಪರೀಕ್ಷಿಸದೆ ಮುಂಗಡ ಕೊಡಬೇಡಿ. ಹಲಗೆ ಮಟ್ಟಸವಾಗಿದೆಯೇ, ಮಧ್ಯೆ ಉಬ್ಬು ಇದೆಯೇ, ಚೀಲ ತೂಗುಹಾಕಲು ಗಟ್ಟಿ ಕೊಕ್ಕೆ ಇದೆಯೇ? ಪ್ಲಾಸ್ಟಿಕ್ ಕೊಕ್ಕೆ ಎರಡು ಲೀಟರ್ ಎಣ್ಣೆ, ಒಂದು ತೆಂಗಿನಕಾಯಿ ಚೀಲಕ್ಕೇ ಮುರಿದುಕೊಳ್ಳುತ್ತದೆ.

ತೂಕದ ಮಾತು ಬಂತಲ್ಲ, ರಿವರ್ಸ್ ಬಗ್ಗೆ ಹೇಳಬೇಕು. ಸ್ಕೂಟರಿಗೆ ರಿವರ್ಸ್ ಗೇರ್ ಯಾಕೆ ಅಂತ ಮೊದಮೊದಲು ನಗುತ್ತಿದ್ದರು. ಈ ಗಾಡಿಗಳು ನೂರಹತ್ತು ಕಿಲೋ ಆಸುಪಾಸು, ಕೆಲವು ಅದಕ್ಕೂ ಹೆಚ್ಚು. ನಮ್ಮ ಮನೆಗಳ ಮುಂದಿನ ಇಳಿಜಾರು, ಚರಂಡಿ ಮೇಲಿನ ಚಪ್ಪಡಿ, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ ಗಾಡಿಗಳ ಸಾಲು, ಇವುಗಳ ಮಧ್ಯೆ ಹಿಂದಕ್ಕೆ ಎಳೆಯಲು ಅರವತ್ತು ದಾಟಿದವರಿಗೆ ಅದು ದೊಡ್ಡ ಉಪಕಾರ. ನನ್ನನ್ನು ಕೇಳಿದರೆ ಹಾಡು ಹಾಕುವ ಸ್ಪೀಕರ್ ಬಿಟ್ಟುಬಿಡಿ, ರಿವರ್ಸ್ ಇರಲಿ. ಹಾಗೆಯೇ ಮೇನ್ ಸ್ಟ್ಯಾಂಡ್. ಕೆಲವು ಮಾಡೆಲ್‌ಗಳಿಗೆ ಬರೀ ಸೈಡ್ ಸ್ಟ್ಯಾಂಡ್ ಕೊಟ್ಟು ಮೇನ್ ಸ್ಟ್ಯಾಂಡಿಗೆ ಬೇರೆ ದುಡ್ಡು ಕೇಳುತ್ತಾರೆ. ಇಕ್ಕಟ್ಟಿನಲ್ಲಿ ನಿಲ್ಲಿಸುವವರಿಗೆ ಅದು ಬೇಕೇಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪೇಟೆಯ ಮಾತಾಯಿತು. ಕೇಳುತ್ತಿರುವವರಲ್ಲಿ ತೀರ್ಥಹಳ್ಳಿ, ಪುತ್ತೂರು, ರಾಯಚೂರಿನವರೂ ಇರುತ್ತೀರಿ. ಊರು ಬದಲಾದರೆ ಪಟ್ಟಿಯೂ ಬದಲಾಗುತ್ತದೆ.

ಮಲೆನಾಡು, ಕರಾವಳಿಯವರ ಮೊದಲ ಪ್ರಶ್ನೆ ಮಳೆ. ಬ್ಯಾಟರಿ ಮೇಲೆ ಐಪಿ 67 ಅಂತ ಬರೆದಿರುತ್ತದೆ. ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ನೀರು ಇಳಿಯುವುದಿಲ್ಲ ಅಂತ ಅದರ ಅರ್ಥ. ಆ ಮಾತು ಬ್ಯಾಟರಿ ಪೆಟ್ಟಿಗೆಗೆ, ಇಡೀ ಗಾಡಿಗಲ್ಲ. ಹೊಳೆ ಉಕ್ಕಿದ ಸೇತುವೆ ಮೇಲೆ ನುಗ್ಗಿಸಲು ಅದು ಪರವಾನಗಿಯೂ ಅಲ್ಲ. ಮಳೆಯ ಊರಿನವರು ಕೇಳಿ ಹಾಕಿಸಬೇಕಾದದ್ದು ಉದ್ದನೆಯ ಮಡ್ ಫ್ಲ್ಯಾಪ್, ಚಾರ್ಜಿಂಗ್ ಪೋರ್ಟಿಗೆ ಬಿಗಿಯಾಗಿ ಕೂರುವ ರಬ್ಬರ್ ಮುಚ್ಚಳ, ಜಾರದ ಮ್ಯಾಟು. ವಾಟರ್ ಸರ್ವೀಸ್ ಮಾಡಿಸುವಾಗ ಪ್ರೆಷರ್ ಪೈಪನ್ನು ಆ ಪೋರ್ಟಿನ ಕಡೆ ತಿರುಗಿಸದಂತೆ ಹುಡುಗನ ಪಕ್ಕ ನಿಂತುಕೊಳ್ಳಿ.

ಘಾಟಿಯವರಿಗೆ ಇನ್ನೊಂದು ಸೂಕ್ಷ್ಮ ಇದೆ. ಹಿಡಿ ಸಡಿಲಿಸಿದಾಗ ಮೋಟಾರೇ ಉಲ್ಟಾ ಕೆಲಸ ಮಾಡಿ ಗಾಡಿಯನ್ನು ತಡೆದು ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ತುಂಬುವ ವ್ಯವಸ್ಥೆಗೆ ರೀಜೆನ್ ಅನ್ನುತ್ತಾರೆ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಅದು ಬ್ರೇಕ್ ಶೂಗಳಿಗೆ ಬಿಡುವು ಕೊಡುತ್ತದೆ ಅಂತ ಶೋರೂಮಿನವರು ಹೇಳುತ್ತಾರೆ, ನಿಜವೇ. ಆದರೆ ಮನೆ ಘಾಟಿಯ ಮೇಲಿದ್ದು, ರಾತ್ರಿಯಿಡೀ ಚಾರ್ಜ್ ಹಾಕಿ ನೂರಕ್ಕೆ ನೂರು ತುಂಬಿಸಿ ಬೆಳಿಗ್ಗೆ ಇಳಿಯಲು ಶುರುಮಾಡಿದರೆ? ತುಂಬಿದ ಬ್ಯಾಟರಿಗೆ ಇನ್ನು ಹಾಕಲು ಜಾಗ ಇರುವುದಿಲ್ಲ. ಹಾಗಾಗಿ ರೀಜೆನ್ ಮಂಕಾಗುತ್ತದೆ, ಗಾಡಿ ನಿನ್ನೆಗಿಂತ ಜೋರಾಗಿ ಇಳಿಯುತ್ತದೆ. ಅಂಥವರು ತೊಂಬತ್ತಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇರುವ ಗಾಡಿ ನೋಡಬೇಕು. ಮುಂದೆ ಡಿಸ್ಕ್ ಬ್ರೇಕ್ ಇರುವುದನ್ನೇ ಕೊಳ್ಳಬೇಕು, ಎರಡು ಸಾವಿರ ಉಳಿಯುತ್ತದೆ ಅಂತ ಡ್ರಮ್ಮಿಗೆ ಇಳಿಯಬಾರದು.

ನೆಟ್‌ವರ್ಕ್ ಸಿಗದ ಊರಿನವರು ಬೀಗದ ಕೈ ಇರುವ ಗಾಡಿ ಕೊಳ್ಳಿ. ಈಗ ಎಷ್ಟೋ ಗಾಡಿಗಳು ಫೋನಿನಿಂದ, ಇಲ್ಲವೇ ಪರದೆಯ ಮೇಲೆ ನಂಬರ್ ಒತ್ತಿ ತೆರೆಯುತ್ತವೆ. ಡಿಕ್ಕಿಯ ಬೀಗವೂ ಎಲೆಕ್ಟ್ರಾನಿಕ್. ಒದ್ದೆ ಬೆರಳಿಗೆ ಪರದೆ ಉತ್ತರ ಕೊಡದಿದ್ದಾಗ, ಫೋನ್ ಚಾರ್ಜ್ ಮುಗಿದಾಗ, ತೋಟದ ಮಧ್ಯೆ ನಿಂತವರಿಗೆ ಜೇಬಿನಲ್ಲಿರುವ ಎರಡು ಇಂಚಿನ ಕಬ್ಬಿಣದ ಬೆಲೆ ತಿಳಿಯುತ್ತದೆ.

ಕಲಬುರಗಿ, ರಾಯಚೂರಿನವರಿಗೆ ಮಳೆಗಿಂತ ಬಿಸಿಲಿನ ಚಿಂತೆ. ನಲವತ್ತೆರಡು ಡಿಗ್ರಿಯಲ್ಲಿ ಬ್ಯಾಟರಿ ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿ ಕಡಿಮೆ ಮಾಡುತ್ತದೆ, ಗಾಡಿ ಎಳೆಯುವುದಿಲ್ಲ ಅನ್ನಿಸುತ್ತದೆ. ಅದು ರೋಗವಲ್ಲ, ಜಾಣತನ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್ 156 ಎಂಬ ಬ್ಯಾಟರಿ ಮಾನಕವನ್ನು ಬಿಗಿಗೊಳಿಸಿದರು. ಅದು ಎರಡು ಹಂತದಲ್ಲಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಜಾರಿಗೆ ಬಂತು. ಹಳೆಯ ಸ್ಟಾಕು, ಕಡಿಮೆ ಬೆಲೆ ಅಂತ ಯಾರಾದರೂ ಹೇಳಿದರೆ ತಯಾರಾದ ತಿಂಗಳು ಕೇಳಿ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಸ್ವಲ್ಪ ಆರಲು ಬಿಡಿ. ಮನೆಯ ಒಂದೇ ಬಾಗಿಲಿಗೆ ಅಡ್ಡವಾಗಿ, ಮೆಟ್ಟಿಲ ಕೆಳಗೆ ಇಟ್ಟು ರಾತ್ರಿ ಚಾರ್ಜ್ ಮಾಡುವ ಅಭ್ಯಾಸವಂತೂ ಬೇಡ.

ಸ್ಕ್ರೀನಿನ ಸರದಿ ಈಗ ಬಂತು. ನಕ್ಷೆ ಪರದೆಯ ಮೇಲೇ ಕಾಣುವುದು ಒಳ್ಳೆಯದು, ಒಂದು ಕೈಲಿ ಫೋನ್ ಹಿಡಿದು ಓಡಿಸುವುದು ತಪ್ಪುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣುತ್ತದೆಯೇ ಅಂತ ಹೊರಗೆ ತಂದು ನೋಡಿ. ಇದರಲ್ಲಿ ಎಚ್ಚರ ವಹಿಸಬೇಕಾದದ್ದು ಒಂದೇ: ಕೆಲವು ಸೌಲಭ್ಯಗಳು ಗಾಡಿಯೊಳಗೇ ಇದ್ದರೂ ಸಾಫ್ಟ್‌ವೇರ್ ಬೀಗ ಹಾಕಿರುತ್ತಾರೆ. ದುಡ್ಡು ಕಟ್ಟಿದರೆ ತೆರೆಯುತ್ತದೆ, ಕೆಲವಕ್ಕೆ ಇಷ್ಟು ವರ್ಷ ಅಂತ ಅವಧಿಯೂ ಇರುತ್ತದೆ. ಪರೀಕ್ಷೆಗೆ ಕೊಡುವ ಗಾಡಿಯಲ್ಲಿ ಎಲ್ಲವೂ ತೆರೆದಿರುತ್ತದೆ. ನೀವು ಕೊಳ್ಳುವುದರಲ್ಲಿ ಯಾವುದು ತೆರೆದಿದೆ ಅಂತ ಬರೆಸಿಕೊಳ್ಳಿ.

ಹೊರಗಡೆ ಹಾಕಿಸುವ ಬಿಡಿಸಾಮಾನುಗಳ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಸೀಟ್ ಕವರು, ಫೋನ್ ಹೋಲ್ಡರು, ಲೆಗ್ ಗಾರ್ಡು ಎಲ್ಲಿ ಬೇಕಾದರೂ ಹಾಕಿಸಿ. ವೈರ್ ಕತ್ತರಿಸಿ ಹಾಕುವ ಮಿಂಚುವ ದೀಪ, ದೊಡ್ಡ ಹಾರನ್, ಕಳ್ಳತನದ ಅಲಾರಂ ಮಾತ್ರ ಬೇಡ. ಪೆಟ್ರೋಲ್ ಗಾಡಿಯಲ್ಲಿ ಫ್ಯೂಸ್ ಹೋದರೆ ಐದು ರೂಪಾಯಿ. ಇಲ್ಲಿ ದೊಡ್ಡ ಬ್ಯಾಟರಿಯಿಂದ ಹನ್ನೆರಡು ವೋಲ್ಟಿಗೆ ಇಳಿಸಿ ದೀಪ, ಹಾರನ್ನಿಗೆ ಕೊಡುವ ಒಂದು ಕನ್ವರ್ಟರ್ ಇರುತ್ತದೆ. ಅದಕ್ಕೆ ಹೊರೆ ಹೆಚ್ಚಾಗಿ ಕೈಕೊಟ್ಟರೆ ವೈರಿಂಗ್ ಮುಟ್ಟಿದ್ದೀರಿ ಅಂತ ವಾರಂಟಿಯನ್ನೂ ಕೈಬಿಡುತ್ತಾರೆ.

ಮನೆಮನೆಗೆ ಊಟ, ದಿನಸಿ ಮುಟ್ಟಿಸುವ ಹುಡುಗರ ಪಟ್ಟಿ ಬೇರೆಯೇ ಇದೆ. ಬೆಂಗಳೂರಿನ ರಸ್ತೆಗಳಲ್ಲಿ ಯುಲು ಕಂಪನಿಯ ಸಣ್ಣ ಗಾಡಿಗಳನ್ನು ಬಾಡಿಗೆಗೆ ಪಡೆದು ಓಡಿಸುವವರು ಸಾಕಷ್ಟಿದ್ದಾರೆ. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟಿನೊಳಗಿನ ಮೋಟಾರಿನ ಗಾಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಅವರಿಗೆ ಬೇಕಾದದ್ದು ಹಿಂದೆ ಗಟ್ಟಿ ಕ್ಯಾರಿಯರ್, ಮಳೆಯಲ್ಲೂ ಹಿಡಿದುಕೊಳ್ಳುವ ಫೋನ್ ಹೋಲ್ಡರ್, ನಾಲ್ಕು ರಸ್ತೆಯಾಚೆ ಬ್ಯಾಟರಿ ಬದಲಿಸುವ ಜಾಗ. ನಿಂತ ಹೊತ್ತಿಗೆ ಸಂಪಾದನೆ ಇಲ್ಲದವರಿಗೆ ಐದು ಗಂಟೆ ಚಾರ್ಜಿಂಗ್ ಅನ್ನುವುದು ಅರ್ಧ ದಿನದ ಕೂಲಿ.

ಕೊನೆಯಲ್ಲಿ ಚಕ್ರ. ಹಿಂದಿನ ಚಕ್ರದೊಳಗೇ ಮೋಟಾರ್ ಇರುವ ಗಾಡಿಗಳಿವೆ. ಪಂಕ್ಚರ್ ಆದರೆ ಬೀದಿಬದಿಯ ಅಂಗಡಿಯವರು ಆ ಚಕ್ರ ಬಿಚ್ಚಲು ಹಿಂಜರಿಯುತ್ತಾರೆ, ವೈರು ಬಂದಿರುತ್ತದಲ್ಲ. ಟ್ಯೂಬ್‌ಲೆಸ್ ಟೈರ್ ಆದರೆ ಬಿಚ್ಚದೆಯೇ ಬತ್ತಿ ತುರುಕಬಹುದು. ಆ ಬತ್ತಿಯ ಕಿಟ್ಟು, ಸಣ್ಣ ಗಾಳಿ ಪಂಪು ಡಿಕ್ಕಿಯಲ್ಲಿದ್ದರೆ ದೂರ ಹೋಗುವವರಿಗೆ ಧೈರ್ಯ. ಸರ್ವೀಸ್ ಸೆಂಟರ್ ನಿಮ್ಮ ತಾಲ್ಲೂಕಿನಲ್ಲಿದೆಯೋ, ಜಿಲ್ಲಾ ಕೇಂದ್ರಕ್ಕೆ ಹೋಗಬೇಕೋ, ಅಲ್ಲಿ ಗಾಡಿ ಬಿಟ್ಟರೆ ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ ಅಂತ ಅದೇ ಗಾಡಿ ಓಡಿಸುವ ನಿಮ್ಮೂರಿನವರನ್ನೇ ಕೇಳಿ, ಮಾರುವವರನ್ನು ಕೇಳಬೇಡಿ. ಕೆಲವು ಕಂಪನಿಗಳು ಬ್ಯಾಟರಿಗೆ ಎಂಟು ವರ್ಷ ಅಥವಾ 80,000 ಕಿಲೋಮೀಟರಿನ ವಾರಂಟಿ ಕೊಡುತ್ತಿವೆ. ಅದಕ್ಕೆ ಹೆಚ್ಚು ದುಡ್ಡು ಕೇಳಿದರೆ ನಾನಂತೂ ಅಲಾಯ್ ಚಕ್ರ, ಬಣ್ಣದ ಸ್ಟಿಕ್ಕರ್ ಎಲ್ಲ ಬಿಟ್ಟು ಆ ದುಡ್ಡು ಅಲ್ಲಿ ಕಟ್ಟುತ್ತೇನೆ. ಬ್ಯಾಟರಿಯ ಶಕ್ತಿ ಶೇಕಡಾ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಅನ್ನುವುದು ಅದರಲ್ಲಿ ಬರೆದಿರಬೇಕು. ಬರೀ ಎಂಟು ವರ್ಷ ಅಂದರೆ ಸಾಲದು.

ಗಾಡಿ ಕೈಗೆ ಬರುವ ದಿನ ಪೂಜೆಗೆ ನಿಂಬೆಹಣ್ಣು ಇಡುವ ಮೊದಲು ಬಿಲ್ ಬಿಡಿಸಿ ನೋಡಿ. ಚಾರ್ಜರಿನ ಸೀರಿಯಲ್ ನಂಬರ್ ಅದರಲ್ಲಿದೆಯೇ, ಹೆಲ್ಮೆಟ್ ಬಂತೇ, ಸಾರಿ ಗಾರ್ಡ್ ಬಿಗಿದಿದ್ದಾರೆಯೇ, ಎರಡನೇ ಕೀಲಿ ಕೊಟ್ಟರೇ? ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ, ಅವರು ಕೂತು ಸರಿ ಅಂದ ಮೇಲೆ ಸಹಿ ಹಾಕಿ.